ಕರೆದವರಾರೆಂದು ಕಿವಿಯೇ ಬಲ್ಲದು

ಮದುವೆಯ ಮನೆಯಲ್ಲಿ ಪಂಕ್ತಿ ಕುಳಿತಿದೆ. ಎಲೆಗೆ ಅನ್ನ ಬಿದ್ದು, ಸಾರಿನ ಪರಿಮಳವೆದ್ದು, ಬಲಗೈ ತುತ್ತು ಕಟ್ಟುವುದರಲ್ಲಿ ತೊಡಗಿರುವಾಗ ಯಾರದೋ ಜೇಬಿನಲ್ಲಿ ಫೋನು ಮೊಳಗುತ್ತದೆ. ಒಡನೆಯೇ ಆ ಸಾಲಿನ ಏಳೆಂಟು ಮಂದಿಯ ಎಡಗೈಗಳು ತಮ್ಮ ತಮ್ಮ ಜೇಬನ್ನು ತಡವುತ್ತವೆ. ಏಕೆಂದರೆ ಕೊಂಡ ದಿನ ಯಾವ ರಾಗವಿತ್ತೋ ಅದನ್ನೇ ಎಲ್ಲರೂ ಉಳಿಸಿಕೊಂಡಿರುತ್ತಾರೆ. ಉಣ್ಣುತ್ತಿರುವವನು ನಡುವೆ ಎಲೆ ಬಿಟ್ಟೇಳುವುದು ನಮ್ಮಲ್ಲಿ ಸಲ್ಲದ ನಡೆ. ಆದರೆ ರೋಗಿಯಾದ ತಂದೆಯನ್ನು ಊರಿನಲ್ಲಿ ಬಿಟ್ಟು ಬಂದವನು ಕರೆಯನ್ನು ಅಲಕ್ಷಿಸಿ ಉಣ್ಣುವುದಾದರೂ ಹೇಗೆ? ಕಣ್ಣು ನೋಡಲಾಗದ, ಕೈ ಮುಟ್ಟಲಾಗದ ಆ ಗಳಿಗೆಯಲ್ಲಿ ನಿರ್ಣಯದ ಭಾರವೆಲ್ಲ ಕಿವಿಯ ಮೇಲೆ ಬೀಳುತ್ತದೆ; ಕಿವಿಗಾದರೋ ಫೋನು ಬಡಿಯುತ್ತಿದೆ ಎಂಬುದು ತಿಳಿಯುತ್ತದೆಯೇ ಹೊರತು ಕರೆದವರು ಯಾರೆಂಬುದು ತಿಳಿಯುವುದಿಲ್ಲ.

ಈ ಸಂಕಟವನ್ನು ಕಳೆಯುವ ಒಂದು ಸಣ್ಣ ಅನುಕೂಲ ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಇದ್ದೇ ಇದೆ. ನಮ್ಮ ಪಟ್ಟಿಯಲ್ಲಿರುವ ಒಬ್ಬೊಬ್ಬರ ಹೆಸರಿಗೂ ಬೇರೆಬೇರೆ ರಿಂಗ್‌ಟೋನನ್ನು ಗೊತ್ತುಮಾಡಿ, ಮಗನ ಕರೆಗೆ ಕೊಳಲನ್ನೂ ವೈದ್ಯರ ಕರೆಗೆ ಗಂಟೆಯನ್ನೂ ನಿಯಮಿಸಬಹುದು. ಇದನ್ನು ಎಳೆಯರ ವಿನೋದವೆಂದು ಎಣಿಸುವವರೇ ಹೆಚ್ಚು. ನನಗೆ ಹಾಗೆ ತೋರುವುದಿಲ್ಲ. ಬರುವವರನ್ನು ಕಾಣುವುದಕ್ಕೆ ಮೊದಲೇ ಸದ್ದಿನಿಂದ ಅರಿಯುವುದು ಮನುಷ್ಯನ ಪುರಾತನ ಶಕ್ತಿಗಳಲ್ಲೊಂದು. ದೂರವಾಣಿಯ ಗಂಟೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಆ ಶಕ್ತಿಗೆ ಕೆಲಸವಿಲ್ಲದಂತೆ ಮಾಡಿತು. ಈ ಸಣ್ಣ ಅನುಕೂಲ ಅದಕ್ಕೆ ಮತ್ತೆ ಕೆಲಸ ಕೊಟ್ಟಿದೆ.

ಮಲೆನಾಡಿನ ಕಾಡಂಚಿನಲ್ಲಿ ಮೇಯಲು ಹೋದ ದನಗಳು ಸಂಜೆ ಮರಳುವಾಗ, ಹಟ್ಟಿಯ ಬಾಗಿಲಲ್ಲಿ ನಿಂತ ಮನೆಯಾಕೆಗೆ ಮುಂದೆ ಬರುತ್ತಿರುವುದು ಗೌರಿಯೋ ಕೆಂಪಿಯೋ ಎಂಬುದು ಕೊರಳ ಗಂಟೆಯ ದನಿಯಿಂದಲೇ ಗೊತ್ತಾಗುತ್ತದೆ. ಹೊಸಿಲಾಚೆಗಿನ ಕೆಮ್ಮು, ಜಗಲಿಯ ಮೇಲಿನ ಮೆಟ್ಟಿನ ಸಪ್ಪಳ, ಅಗುಳಿ ತೆಗೆಯುವ ರೀತಿ, ಇವೆಲ್ಲ ಹಿಂದಿನ ಮನೆಗಳಲ್ಲಿ ಒಬ್ಬೊಬ್ಬರ ಹೆಸರುಗಳೇ ಆಗಿದ್ದವು. ಅಂಥ ಲೋಕದೊಳಕ್ಕೆ ದೂರವಾಣಿ ಬಂದಿತು.

ಅಲೆಕ್ಸಾಂಡರ್ ಗ್ರಹಾಂ ಬೆಲ್ಲರಿಗೆ ದೂರವಾಣಿಯ ಪೇಟೆಂಟು ದೊರೆತದ್ದು 1876ರ ಮಾರ್ಚಿಯಲ್ಲಿ. ಮೊದಮೊದಲಿನ ಉಪಕರಣಗಳಲ್ಲಿ ಗಂಟೆಯೇ ಇರಲಿಲ್ಲ; ಆಚೆಯವರನ್ನು ಎಚ್ಚರಿಸಬೇಕಾದರೆ ಕೂಗಬೇಕು, ಇಲ್ಲವೆ ಉಪಕರಣದ ತೆಳುಪೊರೆಯನ್ನು ತಟ್ಟಬೇಕು. ಬೆಲ್ಲರ ಸಹಾಯಕರಾಗಿದ್ದ ಥಾಮಸ್ ವಾಟ್ಸನ್ 1878ರಲ್ಲಿ ಎರಡು ಬಟ್ಟಲುಗಳ ನಡುವೆ ಸುತ್ತಿಗೆಯೊಂದು ಆಡುವ ವಿದ್ಯುದ್ಗಂಟೆಯನ್ನು ರೂಪಿಸಿದರು. ಸೆಕೆಂಡಿಗೆ ಸುಮಾರು 20 ಆವರ್ತನೆಗಳ ಪರ್ಯಾಯ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಸುತ್ತಿಗೆ ಅತ್ತಿತ್ತ ಬಡಿದು ಹೊರಡಿಸುತ್ತಿದ್ದ ಆ ದನಿಯೇ ಮುಂದೆ ಲೋಕವೆಲ್ಲ ಕೇಳಿದ 'ಟ್ರಿಣ್'. ಅದರ ದೋಷವೆಂದರೆ ಅದಕ್ಕೆ ಪಕ್ಷಪಾತವಿಲ್ಲ. ಸಾವಿನ ಸುದ್ದಿಗೂ ತಪ್ಪು ನಂಬರಿಗೂ ಅದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಗಂಟೆಗೆ ಹೆಸರನ್ನು ಕಲಿಸುವ ಮೊದಮೊದಲಿನ ಪ್ರಯತ್ನಗಳಲ್ಲೊಂದು ನಡೆದದ್ದು ಅಮೆರಿಕದ ಹಳ್ಳಿಗಾಡಿನಲ್ಲಿ. ಅಲ್ಲಿ ಒಂದೇ ತಂತಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತಿದ್ದುದರಿಂದ, ಒಂದು ದೀರ್ಘ ಎರಡು ಹ್ರಸ್ವ ಬಡಿದರೆ ಈ ಮನೆಗೆ, ಎರಡು ದೀರ್ಘ ಒಂದು ಹ್ರಸ್ವ ಬಡಿದರೆ ಆ ಮನೆಗೆ ಎಂದು, ಛಂದಸ್ಸಿನ ಗುರುಲಘುಗಳನ್ನು ನೆನಪಿಗೆ ತರುವಂಥ ಸಂಕೇತಗಳನ್ನು ಗೊತ್ತುಮಾಡಿಕೊಂಡಿದ್ದರು. ಕರೆ ಯಾರಿಗೆ ಎಂಬುದನ್ನು ಅದು ಹೇಳುತ್ತಿತ್ತು. ಯಾರಿಂದ ಎಂಬುದನ್ನು ಹೇಳಲು ಇನ್ನೂ ಬಹುಕಾಲ ಕಾಯಬೇಕಾಯಿತು.

ಭಾರತದಲ್ಲಿ ಮೊತ್ತಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆ. ಅದಕ್ಕೆ ಒಂದು ವರ್ಷ ಮೊದಲೇ, ಸ್ಪೇನಿನ ಗಿಟಾರ್ ವಿದ್ವಾಂಸ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ ಕೃತಿಯೊಂದರ ತುಣುಕು ನೋಕಿಯಾ ಫೋನುಗಳಲ್ಲಿ ಮೊಳಗಲಾರಂಭಿಸಿತ್ತು. ಆ ಕಾಲದ ಫೋನಿಗೆ ಒಮ್ಮೆಗೆ ಒಂದೇ ಸ್ವರವನ್ನು ನುಡಿಸುವ ಶಕ್ತಿ. ಆದುದರಿಂದ, ನಮ್ಮ ಸಂಗೀತದ ಪುಸ್ತಕಗಳಲ್ಲಿ ಸರಿಗಮಗಳನ್ನು ಅಕ್ಷರಗಳಲ್ಲಿ ಬರೆಯುವ ಹಾಗೆಯೇ, ಸ್ವರ, ಸ್ಥಾಯಿ, ಕಾಲಪ್ರಮಾಣಗಳನ್ನು ಅಕ್ಷರ ಅಂಕಿಗಳಲ್ಲಿ ಬರೆದು ಇಡೀ ರಾಗವನ್ನು ಒಂದೆರಡು ಎಸ್ಸೆಮ್ಮೆಸ್ಸಿನಲ್ಲಿ ಕಳುಹಿಸಬಹುದಾಗಿತ್ತು. ಅನಂತರ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಫೋನುಗಳು ಬಂದು, ಕಡೆಗೆ ಧ್ವನಿಮುದ್ರಿಕೆಯನ್ನೇ ನುಡಿಸುವ ಇಂದಿನವು ಬಂದವು.

ಕರೆ ಬಂದಾಗ ಫೋನಿನೊಳಗೆ ನಡೆಯುವುದೇನು ಎಂಬುದು ಅರಿಯತಕ್ಕ ವಿಷಯ. ಮಾತಿನ ದಾರಿ ತೆರೆಯುವುದಕ್ಕೆ ಮೊದಲೇ, ಜಾಲದಿಂದ ಒಂದು ಸಂಜ್ಞಾಸಂದೇಶ ಬರುತ್ತದೆ. ಕರೆದವರ ಸಂಖ್ಯೆ ಇರುವುದು ಅದರಲ್ಲಿ. ಫೋನು ಒಡನೆಯೇ ತನ್ನ ಪಟ್ಟಿಯನ್ನು ತೆರೆದು ಆ ಸಂಖ್ಯೆಯನ್ನು ಹುಡುಕುತ್ತದೆ. ನಾವು ಅದನ್ನು +91 ಸೇರಿಸಿ ಬರೆದಿದ್ದರೂ, ಮೊದಲಿಗೆ 0 ಹಚ್ಚಿದ್ದರೂ ಗುರುತು ತಪ್ಪದಂತೆ ಅಂಕಿಗಳನ್ನು ಬಲತುದಿಯಿಂದ ಹೋಲಿಸುವುದು ಆಂಡ್ರಾಯ್ಡಿನ ಒಂದು ಕ್ರಮ. ಹೆಸರು ಸಿಕ್ಕಿತೆನ್ನಿ, ಆ ಹೆಸರಿನ ಸಾಲಿನಲ್ಲಿ, ಭಾವಚಿತ್ರ ವಿಳಾಸಾದಿಗಳ ಜೊತೆಗೆ, ರಿಂಗ್‌ಟೋನಿಗೆಂದೇ ಮೀಸಲಾದ ಒಂದು ಕೋಶವಿರುತ್ತದೆ. ಹಾಡೇನೂ ಅದರಲ್ಲಿ ಇರುವುದಿಲ್ಲ. ಹಾಡು ಫೋನಿನಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಕೋಶ ಬರಿದಾಗಿದ್ದರೆ ಎಲ್ಲರಿಗೂ ಸಲ್ಲುವ ಸಾಮಾನ್ಯ ರಾಗ. ತುಂಬಿದ್ದರೆ ಆ ವಿಳಾಸದ ರಾಗ. ನಮಗೆ ಕರೆ ಮಾಡಿದವರು ತಮ್ಮ ಕಿವಿಯಲ್ಲಿ ಕೇಳುವ ಕಾಲರ್ ಟ್ಯೂನಾದರೋ ಬೇರೆಯದೇ ವಸ್ತು; ಅದು ದೂರವಾಣಿ ಸಂಸ್ಥೆಯ ಯಂತ್ರದಲ್ಲಿ ನೆಲಸಿರುವುದು, ಇದು ನಮ್ಮ ಕೈಯಲ್ಲಿರುವುದು.

ಕೋಶವನ್ನು ತುಂಬುವ ವಿಧಾನ ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಕಾಂಟ್ಯಾಕ್ಟ್ಸ್ ತೆರೆದು, ಹೆಸರನ್ನು ಒತ್ತಿ, ಮೂಲೆಯ ಮೂರು ಚುಕ್ಕೆಗಳಲ್ಲಿ ಅಥವಾ ತಿದ್ದುವ ಪುಟದಲ್ಲಿ ರಿಂಗ್‌ಟೋನ್ ಎಂಬುದನ್ನು ಆರಿಸಬೇಕು; ಐಫೋನಿನಲ್ಲಿ ಹೆಸರನ್ನು ತೆರೆದು ಎಡಿಟ್ ಒತ್ತಿದರೆ ರಿಂಗ್‌ಟೋನ್ ಕಾಣುತ್ತದೆ. ಎರಡು ಎಚ್ಚರಿಕೆಗಳನ್ನು ಹೇಳಬೇಕು. ಸಿಮ್ ಕಾರ್ಡಿನಲ್ಲಿ ಉಳಿಸಿದ ಹೆಸರಿಗೆ ಈ ಭಾಗ್ಯವಿಲ್ಲ, ಏಕೆಂದರೆ ಸಿಮ್ಮಿನ ಕಿರುಪಟ್ಟಿಯಲ್ಲಿ ಹೆಸರಿಗೂ ಸಂಖ್ಯೆಗೂ ಸ್ಥಳವುಂಟೇ ಹೊರತು ರಾಗದ ವಿಳಾಸಕ್ಕೆ ಇಲ್ಲ. ಅಂಥ ಹೆಸರನ್ನು ಮೊದಲು ಫೋನಿಗೆ ವರ್ಗಾಯಿಸಿಕೊಳ್ಳತಕ್ಕದ್ದು. ವಾಟ್ಸ್‌ಆ್ಯಪ್‌ನ ಮೂಲಕ ಬರುವ ಕರೆಗೆ ಸಾಮಾನ್ಯವಾಗಿ ಆ ಆ್ಯಪ್‌ನೊಳಗೇ ಬೇರೆಯಾಗಿ ರಾಗವನ್ನು ನಿಶ್ಚಯಿಸಬೇಕು.

ವಿಧಾನ ಸುಲಭವಾದರೂ ಆಯ್ಕೆ ಸುಲಭವಲ್ಲ ಎಂಬುದನ್ನು ನಾನು ಕಲಿತದ್ದು ತೀರ್ಥಹಳ್ಳಿಯ ಕಡೆಯ ನಮ್ಮ ದೊಡ್ಡಮ್ಮನಿಂದ. ಎಪ್ಪತ್ತೆಂಟರ ಆಕೆಗೆ ದೃಷ್ಟಿ ಮಂದವಾಗಿ, ಫೋನಿನ ಮೇಲೆ ಮೂಡುವ ಹೆಸರು ಬಿಳಿಯ ಮಬ್ಬಿನಂತೆ ಕಾಣುತ್ತಿತ್ತು. ಬೆಂಗಳೂರಿನ ಮಗ ರಾಘುವಿನ ಕರೆಗೆ ಸಣ್ಣ ಹಕ್ಕಿಯೊಂದರ ಇಂಪಾದ ಚಿಲಿಪಿಲಿಯನ್ನು ನಾನು ನಿಯಮಿಸಿ ಬಂದೆ. ಮುಂದಿನ ಭಾನುವಾರ ಅವನು ಮೂರು ಸಲ ಕರೆದರೂ ಉತ್ತರವಿಲ್ಲ. ದೊಡ್ಡಮ್ಮ ಹತ್ತು ಮಾರು ದೂರದ ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದರು, ಫೋನು ಜಗಲಿಯ ಗೂಡಿನಲ್ಲಿ ಹಾಡಿ ಹಾಡಿ ಸುಮ್ಮನಾಗಿತ್ತು. ತಪ್ಪು ಫೋನಿನದಲ್ಲ, ದೊಡ್ಡಮ್ಮನದೂ ಅಲ್ಲ. ಕಿವಿಯ ಸ್ವಭಾವವನ್ನು ತಿಳಿಯದೆ ಆರಿಸಿದ ನನ್ನದು.

ಮನುಷ್ಯನ ಕಿವಿಯ ಹೊರನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ತೆರೆದು ಇನ್ನೊಂದು ತುದಿ ತಮಟೆಯಿಂದ ಮುಚ್ಚಿದ ಒಂದು ಕೊಳವೆ. ಇಂಥ ಕೊಳವೆ ತನ್ನ ಉದ್ದದ ನಾಲ್ಕರಷ್ಟು ಉದ್ದದ ಅಲೆಗೆ ಹೆಚ್ಚಾಗಿ ಅನುರಣಿಸುತ್ತದೆ. ಎಂದರೆ 10 ಸೆಂಟಿಮೀಟರಿನ ಅಲೆಗೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಆ ಅಲೆಯ ಆವೃತ್ತಿ ಸುಮಾರು 3,400 ಹರ್ಟ್ಸ್. ಎಳೆಯ ಕಿವಿ ಅತ್ಯಂತ ಚುರುಕಾಗಿರುವುದು ಈ ಆಸುಪಾಸಿನಲ್ಲಿಯೇ. ಆದರೆ ಒಳಗಿವಿಯ ಶಂಖದಲ್ಲಿ ತಾರಸ್ವರಗಳನ್ನು ಗ್ರಹಿಸುವ ರೋಮಕೋಶಗಳು ಶಂಖದ ಬಾಯಿಯ ಬಳಿ ಇದ್ದು, ವಯಸ್ಸಾದಂತೆ ಮೊದಲು ಸವೆಯುವುವೂ ಅವೇ ಆಗಿವೆ. ನನ್ನ ಕಿವಿಗೆ ಇಂಪಾಗಿದ್ದ ಹಕ್ಕಿಯ ದನಿ ದೊಡ್ಡಮ್ಮನ ಕಿವಿಗೆ ಹೆಚ್ಚುಕಡಮೆ ಮೌನವಾಗಿತ್ತು.

ಹಾಗಾದರೆ ಮಂದ್ರಸ್ವರವನ್ನು ಆರಿಸೋಣವೆಂದರೆ ಫೋನಿನ ಸ್ಪೀಕರು ಬೆರಳುಗುರಿನಷ್ಟು ಪುಟ್ಟದು. ಮೃದಂಗದ ಎಡಗಡೆಯ ಗುಂಕಾರವನ್ನು ಹೊರಡಿಸಲು ಅದಕ್ಕೆ ಶಕ್ತಿ ಸಾಲದು. ಇಲ್ಲಿ ಮಿದುಳು ಮಾಡುವ ಉಪಕಾರ ಆಶ್ಚರ್ಯಕರವಾದುದು. 130 ಹರ್ಟ್ಸಿನ ತಂಬೂರಿಯ ಷಡ್ಜದೊಡನೆ 260, 390, 520 ಹೀಗೆ ಅದರ ಗುಣಕಗಳಾದ ಉಪಸ್ವರಗಳೂ ಹುಟ್ಟುತ್ತವೆ. ಸ್ಪೀಕರು ಮೂಲಸ್ವರವನ್ನು ನುಂಗಿಬಿಟ್ಟರೂ, ಉಳಿದ ಉಪಸ್ವರಗಳ ಅಂತರದಿಂದ ಮಿದುಳು ಆ ಮೂಲವನ್ನು ತಾನೇ ಊಹಿಸಿ ನಮಗೆ ಕೇಳಿಸುತ್ತದೆ. ಆದಕಾರಣ ಉಪಸ್ವರಗಳಿಂದ ಸಮೃದ್ಧವಾದ ವಾದ್ಯವೇ ರಿಂಗ್‌ಟೋನಿಗೆ ಯೋಗ್ಯ. ವೀಣೆ ವೀಣೆಯಾಗಿ, ನಾಗಸ್ವರ ನಾಗಸ್ವರವಾಗಿ ಕೇಳುವುದೂ ಉಪಸ್ವರಗಳ ಹಂಚಿಕೆಯ ಭೇದದಿಂದಲೇ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ತಂಬೂರಿ ವೀಣೆಗಳ ಬಾಗಿದ ಕುದುರೆ ಅವುಗಳ ನಾದಕ್ಕೆ ಎಂಥ ಸಂಪತ್ತನ್ನು ಕೊಡುತ್ತದೆ ಎಂಬುದನ್ನು, ಮುಂದೆ ಬೆಂಗಳೂರನ್ನೇ ತಮ್ಮ ಊರಾಗಿಸಿಕೊಂಡ ಸಿ. ವಿ. ರಾಮನ್ನರು 1920ರ ದಶಕದ ಆರಂಭದಲ್ಲಿ ಪರೀಕ್ಷಿಸಿ ತೋರಿಸಿದರು. ನಾದಗುಣದ ಗುರುತು ಎಷ್ಟು ಶೀಘ್ರವಾದುದೆಂದರೆ, 1999ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಶ್ರೋತೃಗಳು ಜನಪ್ರಿಯ ಗೀತೆಗಳ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಚೂರನ್ನು ಕೇಳಿ, ಅದು ಯಾವ ಗೀತೆಯದೆಂದು ಬರಿಯ ಊಹೆಗೆ ಮೀರಿದ ಪ್ರಮಾಣದಲ್ಲಿ ಗುರುತಿಸಿದರು. ಸ್ವರಗಳ ನಡೆ ತೆರೆದುಕೊಳ್ಳಲು ಅಷ್ಟರಲ್ಲಿ ಅವಕಾಶವೇ ಇಲ್ಲ. ಗುರುತು ಹಿಡಿಸಿದ್ದು ನಾದಗುಣ.

ಪಂಕ್ತಿಯಲ್ಲಿ ಏಳೆಂಟು ಕೈಗಳು ಏಕೆ ಜೇಬನ್ನು ತಡವಿದವು ಎಂಬುದಕ್ಕೆ ಇನ್ನೊಂದು ಉತ್ತರವೂ ಇಲ್ಲಿಯೇ ಇದೆ. ಸದ್ದಿನ ದಿಕ್ಕನ್ನು ನಾವು ತಿಳಿಯುವುದು ಅದು ಎರಡು ಕಿವಿಗಳನ್ನು ಮುಟ್ಟುವ ಕಾಲದ ಅಂತರದಿಂದ ಮತ್ತು ಬಲದ ಅಂತರದಿಂದ. ಕಾಲದ ಅಂತರ ಅತಿ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಮೆ. ಅದು ಕೆಳಗಿನ ಆವೃತ್ತಿಗಳಲ್ಲಿಯೂ, ಬಲದ ಅಂತರ ಮೇಲಿನ ಆವೃತ್ತಿಗಳಲ್ಲಿಯೂ ಉಪಯುಕ್ತ. ಎರಡೂ ಸರಿಯಾಗಿ ಒದಗದ ನಡುವಣ ಪ್ರದೇಶದ, ಸುಮಾರು 1,500ರಿಂದ 3,000 ಹರ್ಟ್ಸಿನ ಸಪ್ಪೆಯ ಒಂಟಿಸ್ವರ ಎಲ್ಲಿಂದ ಬಂದಿತೆಂದು ಹೇಳುವುದು ಕಷ್ಟ. ಹಲವು ಆವೃತ್ತಿಗಳು ಬೆರೆತ ವಾದ್ಯನಾದವಾದರೆ ಕಿವಿಗೆ ಎರಡು ಸಾಕ್ಷಿಗಳೂ ಸಿಗುತ್ತವೆ.

ಇನ್ನು ಅವಧಾನದ ಮಾತು. ಗದ್ದಲದಲ್ಲಿ ಒಂದು ಮಾತನ್ನೇ ಆಯ್ದು ಕೇಳುವ ನಮ್ಮ ಶಕ್ತಿಯನ್ನು ಇಂಗ್ಲೆಂಡಿನ ಕಾಲಿನ್ ಚೆರ್ರಿ 1953ರಲ್ಲಿ ಪರೀಕ್ಷಿಸಿದರು. ಅಲಕ್ಷಿಸಿದ ಕಿವಿಯಲ್ಲಿ ನುಡಿದ ಮಾತುಗಳಲ್ಲಿ ಶ್ರೋತೃವಿನ ಸ್ವಂತ ಹೆಸರು ಮಾತ್ರ ಕೆಲವು ವೇಳೆ ಒಳಹೊಗುತ್ತದೆ ಎಂಬುದನ್ನು ನೆವಿಲ್ ಮೊರೇ 1959ರಲ್ಲಿ ತೋರಿಸಿದರು. 2007ರಲ್ಲಿ ಜರ್ಮನಿಯ ಸಂಶೋಧಕರು ಇದೇ ಪ್ರಶ್ನೆಯನ್ನು ರಿಂಗ್‌ಟೋನುಗಳಿಗೆ ಅನ್ವಯಿಸಿ, ಜನರ ತಲೆಯ ಮೇಲಿನ ವಿದ್ಯುತ್ ಸಂಕೇತಗಳನ್ನು ಅಳೆದಾಗ, ಗಮನವಿಡದೆ ಇದ್ದಾಗಲೂ ಮಿದುಳು ತನ್ನ ರಿಂಗ್‌ಟೋನಿಗೆ ಒಂದು ಬಗೆಯಾಗಿಯೂ ಪರರ ರಿಂಗ್‌ಟೋನಿಗೆ ಇನ್ನೊಂದು ಬಗೆಯಾಗಿಯೂ ಸ್ಪಂದಿಸುತ್ತದೆ ಎಂಬುದು ಕಂಡುಬಂದಿತು. ಪರಿಚಿತವಾದ ರಾಗ ಮಿದುಳಿಗೆ ಬರಿಯ ಸದ್ದಾಗಿ ಉಳಿಯದೆ ಒಂದು ಹೆಸರಿನ ಪದವಿಗೆ ಏರುತ್ತದೆ.

ಆದರೆ ಹೆಸರುಗಳು ಹೆಚ್ಚಾದಷ್ಟೂ ಗೊಂದಲ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರ ಪ್ರಸಿದ್ಧ ಲೇಖನದಲ್ಲಿ ಸಂಗ್ರಹಿಸಿದ ಪ್ರಯೋಗಗಳ ಪ್ರಕಾರ, ಬರಿಯ ಸ್ಥಾಯಿಭೇದವುಳ್ಳ ಸ್ವರಗಳಲ್ಲಿ ಸಾಮಾನ್ಯರು ತಪ್ಪದೆ ಗುರುತಿಸಬಲ್ಲುದು ಸುಮಾರು ಆರನ್ನು. ಪೂರ್ಣರಾಗಗಳಲ್ಲಿ ಇನ್ನೂ ಕೆಲವನ್ನು ನೆನಪಿಡಬಹುದಾದರೂ, ಐದಾರು ಮಂದಿಗೆ ಪ್ರತ್ಯೇಕ ರಾಗ, ಉಳಿದ ಲೋಕಕ್ಕೆಲ್ಲ ಒಂದು ಸಾದಾ ಗಂಟೆ, ಇದೇ ಉಚಿತವಾದ ವಿಭಾಗವೆಂದು ನನಗೆ ತೋರುತ್ತದೆ. ಯಾರು ಆ ಐದಾರು ಮಂದಿ ಎಂದು ಕುಳಿತು ಯೋಚಿಸುವುದೇ ಬಾಳಿನಲ್ಲಿ ಆಗಾಗ ಮಾಡಬೇಕಾದ ಒಂದು ಒಳ್ಳೆಯ ಲೆಕ್ಕ. ಇನ್ನೊಂದು ವಿವೇಕವೂ ಬೇಕು. ಗಂಟೆ ಮೊದಲಾದ ಸಂಕೇತಗಳನ್ನು ಆಹಾರಕ್ಕೆ ಜೋಡಿಸಿ ನಾಯಿಯ ಬಾಯಲ್ಲಿ ನೀರೂರಿಸಿದ ಪಾವ್ಲೋವರ ನಿಯಮ ನಮಗೂ ಅನ್ವಯಿಸುವುದರಿಂದ, ಕಷ್ಟದ ಸುದ್ದಿಯನ್ನೇ ತರುವ ಕರೆಗೆ ಮೆಚ್ಚಿನ ಕೀರ್ತನೆಯನ್ನು ಇಟ್ಟರೆ, ಕೆಲವು ತಿಂಗಳಲ್ಲಿ ಆ ಕೀರ್ತನೆಯೇ ಕಚೇರಿಯಲ್ಲಿ ಕೇಳಿದರೂ ಎದೆ ನಡುಗಿಸುವುದಾಗುತ್ತದೆ. ಪ್ರಿಯವಾದುದನ್ನು ಪ್ರಿಯರಿಗೇ ಮೀಸಲಿಡಬೇಕು.

ಎರಡನೆಯ ಸಲ ತೀರ್ಥಹಳ್ಳಿಗೆ ಹೋದಾಗ ಹಕ್ಕಿಯನ್ನು ತೆಗೆದು, ರಾಘುವಿಗೆ ನಾಗಸ್ವರದ ಮಧ್ಯಸ್ಥಾಯಿಯ ಒಂದು ಪಲುಕನ್ನೂ, ಮೈಸೂರಿನ ಮಗಳಿಗೆ ವೀಣೆಯನ್ನೂ, ಪೇಟೆಯ ವೈದ್ಯರಿಗೆ ದೇವಸ್ಥಾನದ ಕಂಚಿನ ಗಂಟೆಯನ್ನೂ ಇಟ್ಟು, ಒಂದೊಂದನ್ನೂ ದೊಡ್ಡಮ್ಮನಿಗೆ ಹತ್ತು ಸಲ ಕೇಳಿಸಿ ಬಂದೆ. ಈಚೆಗೆ ಹೋಗಿದ್ದಾಗ ಅವರು ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದರು. ಜಗಲಿಯಲ್ಲಿ ಸಾದಾ ಗಂಟೆ ಬಡಿಯಿತು, ಕಡೆಗೋಲು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾಗಸ್ವರ ಕೇಳಿಸಿತು. ಹಿಂದೆಲ್ಲ "ಫೋನು ಹೊಡ್ಕೊಳ್ತಿದೆ, ನೋಡೋ" ಎನ್ನುತ್ತಿದ್ದ ದೊಡ್ಡಮ್ಮ, ಹಗ್ಗವನ್ನು ಕೈಬಿಟ್ಟು, ಸೆರಗಿಗೆ ಕೈಯೊರಸಿಕೊಳ್ಳುತ್ತ, "ರಾಘು ಕರೀತಿದಾನೆ" ಎಂದು ಎದ್ದರು.