ಫೆರೆಟ್ಟಿನ ಸೀನು

ಅಲಂಕಾರಶಾಸ್ತ್ರದ ಪಾಠದಲ್ಲಿ ಉಪಮೆ ಬಂದಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಿಂದ ಒಂದು ತುಂಟ ಪ್ರಶ್ನೆ ಏಳುವುದುಂಟು: "ಮುಖ ಚಂದ್ರನಂತಿದ್ದರೆ ಅದರಲ್ಲಿ ಕಲೆಯೂ ಇರಬೇಕಲ್ಲವೆ, ಸಾರ್?" ಉಪಮಾನವನ್ನೂ ಉಪಮೇಯವನ್ನೂ ಕೂಡಿಸುವುದು ಸಮಾನಧರ್ಮವೊಂದೇ, ಮಿಕ್ಕದ್ದನ್ನು ಕವಿ ಹೇಳಿಲ್ಲ, ನಾವು ಕೇಳಬಾರದು ಎಂದು ನಾನು ಉತ್ತರ ಕೊಡುತ್ತೇನೆ. ವೈರಸ್ ರೋಗಗಳು ಹರಡುವ ಬಗೆಯನ್ನು ಅರಿಯಲು ವಿಜ್ಞಾನಿಗಳು ಪ್ರಾಣಿಗಳನ್ನು ಮನುಷ್ಯನ ಸ್ಥಾನದಲ್ಲಿಟ್ಟು ನೋಡುವ ವೃತ್ತಾಂತವನ್ನು ಓದಿದಾಗ ನನಗೆ ಈ ಉತ್ತರವೇ ನೆನಪಾಯಿತು. ಅವರು 'ಪ್ರಾಣಿಮಾದರಿ' ಎನ್ನುವುದು ನಮ್ಮ ಉಪಮಾನವಲ್ಲದೆ ಮತ್ತೇನು?

1918ರ ಇನ್‌ಫ್ಲುಯೆಂಜ ಕೋಟ್ಯಂತರ ಜನರನ್ನು ನುಂಗಿದ ಮೇಲೂ ಆ ರೋಗಕ್ಕೆ ಕಾರಣವೇನೆಂಬುದು ಬಹುಕಾಲ ನಿರ್ಧಾರವಾಗಿರಲಿಲ್ಲ. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆ್ಯಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು, ರೋಗಿಗಳು ಗಂಟಲು ಮುಕ್ಕಳಿಸಿದ ನೀರನ್ನು ಬ್ಯಾಕ್ಟೀರಿಯಗಳು ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಫೆರೆಟ್ಟುಗಳ ಮೂಗಿಗೆ ಹನಿಸಿದರು. ಫೆರೆಟ್ ಎಂಬುದು ನಮ್ಮ ಮುಂಗುಸಿಯನ್ನು ನೆನಪಿಗೆ ತರುವ ನೀಳಮೈಯ ಸಣ್ಣ ಪ್ರಾಣಿ. ಮೊಲದ ಬಿಲಕ್ಕೆ ನುಗ್ಗಿಸಲೆಂದು ಯೂರೋಪಿನವರು ಸಾಕಿದ್ದು. ನಾಯಿಗಳ ಡಿಸ್ಟೆಂಪರ್ ರೋಗದ ಸಂಶೋಧನೆಗಾಗಿ ಅದು ಆ ಸಂಸ್ಥೆಯಲ್ಲಿ ಮೊದಲೇ ಇತ್ತು. ಎರಡು ದಿನಗಳಲ್ಲಿ ಅವಕ್ಕೆ ಜ್ವರ ಬಂತು, ಮೂಗು ಸೋರಿತು, ಸೀನು ಹತ್ತಿತು. ಆರೋಗ್ಯವಾಗಿದ್ದ ಫೆರೆಟ್ಟನ್ನು ಜೊತೆಗಿಟ್ಟರೆ ಅದಕ್ಕೂ ಅಂಟಿತು.

ಮನುಷ್ಯನಿಂದ ಫೆರೆಟ್ಟಿಗೆ ಹೋದದ್ದು ಹಿಂದಿರುಗಿ ಬರುವುದೆ? ಇದಕ್ಕೆ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಚಾರ್ಲ್ಸ್ ಸ್ಟೂವರ್ಟ್-ಹ್ಯಾರಿಸ್ ಎಂಬ ವೈದ್ಯರು ರೋಗದ ಫೆರೆಟ್ಟೊಂದನ್ನು ಪರೀಕ್ಷಿಸುತ್ತಿದ್ದಾಗ ಅದು ಅವರ ಮುಖಕ್ಕೇ ಸೀನಿತು. ಎರಡು ದಿನಗಳೊಳಗೆ ವೈದ್ಯರೇ ಹಾಸಿಗೆ ಹಿಡಿದರು. ಅವರ ಗಂಟಲಿನಿಂದ ಇನ್‌ಫ್ಲುಯೆಂಜ ವೈರಸ್ಸು ದೊರೆಯಿತು. 1936ರಲ್ಲಿ ಇದು ಪ್ರಕಟವಾಯಿತು. ಉಪಮಾನವೇ ಎದ್ದುಬಂದು ಉಪಮೇಯವನ್ನು ಮುಟ್ಟಿದ್ದನ್ನು ನಾನು ಯಾವ ಕಾವ್ಯದಲ್ಲಿಯೂ ಕಂಡಿಲ್ಲ!

ಇಲಿ ಅಗ್ಗ, ಸಾಕಲು ಸುಲಭ. ಆದರೆ ಇನ್‌ಫ್ಲುಯೆಂಜ ತಗುಲಿದ ಇಲಿ ಸೀನುವುದಿಲ್ಲ, ಪಕ್ಕದ ಇಲಿಗೆ ರೋಗವನ್ನು ಸುಲಭವಾಗಿ ದಾಟಿಸುವುದೂ ಇಲ್ಲ. ಶ್ವಾಸಕೋಶ ಹೇಗೆ ಕೆಡುತ್ತದೆ ಎಂದು ಕೇಳುವವರಿಗೆ ಅದು ಸಾಕು. ರೋಗ ಹೇಗೆ ಹರಡುತ್ತದೆ ಎಂದು ಕೇಳುವವರಿಗೆ ಸಾಲದು. ಮನುಷ್ಯರ ಫ್ಲೂ ವೈರಸ್ಸು ಅಂಟಿಕೊಳ್ಳುವ ಸಕ್ಕರೆಯ ಅಣುಗಳು ಫೆರೆಟ್ಟಿನ ಶ್ವಾಸನಾಳದಲ್ಲಿ ಬಹುಮಟ್ಟಿಗೆ ನಮ್ಮಲ್ಲಿರುವಂತೆಯೇ ಇವೆ ಎಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು. ಸಮಾನಧರ್ಮ ಅದು.

ನ್ಯೂಯಾರ್ಕಿನ ಒಂದು ತಂಡ ಗಿನಿಪಿಗ್‌ಗಳನ್ನು ಅಕ್ಕಪಕ್ಕದ ಬೇರೆ ಬೇರೆ ಪಂಜರಗಳಲ್ಲಿಟ್ಟು, ಗಾಳಿಯ ಉಷ್ಣತೆಯನ್ನೂ ತೇವವನ್ನೂ ಬದಲಿಸುತ್ತ ನೋಡಿತು. 5 ಡಿಗ್ರಿ ಚಳಿಯಲ್ಲಿ, ಒಣಗಾಳಿಯಲ್ಲಿ ಫ್ಲೂ ಚೆನ್ನಾಗಿ ಹರಡಿತು. 30 ಡಿಗ್ರಿಯಲ್ಲಿ ಹರಡಲೇ ಇಲ್ಲ. ಇದು 2007ರ ಮಾತು. ಹಾಗಾದರೆ ನಮ್ಮ ಮುಂಗಾರಿನ ಒದ್ದೆ ಸೆಕೆಯಲ್ಲಿ ಫ್ಲೂ ಬರಲೇಬಾರದು. ಆದರೆ ಭಾರತದ ಹೆಚ್ಚಿನ ಭಾಗಗಳಲ್ಲಿ ಅದು ಏರುವುದು ಮಳೆಗಾಲದಲ್ಲಿಯೇ! ಮರುವರ್ಷ ಅದೇ ತಂಡ ಗಿನಿಪಿಗ್‌ಗಳನ್ನು ಒಂದೇ ಪಂಜರದಲ್ಲಿಟ್ಟಾಗ 30 ಡಿಗ್ರಿಯಲ್ಲಿಯೂ ರೋಗ ದಾಟಿತು. ಗಾಳಿಯ ಹಾದಿ ಮುಚ್ಚಿದರೂ ಸ್ಪರ್ಶದ ಹಾದಿ ತೆರೆದಿತ್ತು.

ಉಪಮೆ ರೂಪಕವಾಗಿಬಿಡುವ ಅಪಾಯವೂ ಉಂಟು. ಉಪಮೆ 'ಚಂದ್ರನಂತೆ' ಎಂದರೆ ರೂಪಕ 'ಚಂದ್ರನೇ' ಎನ್ನುತ್ತದೆ. 2011ರಲ್ಲಿ ರಾಟರ್‌ಡ್ಯಾಮಿನ ರಾನ್ ಫೌಷಿಯೆ, ಅಮೆರಿಕದ ವಿಸ್ಕಾನ್ಸಿನ್ನಿನ ಯೋಶಿಹಿರೊ ಕವಾಓಕ ಇವರ ತಂಡಗಳು, ಹಕ್ಕಿಜ್ವರದ ವೈರಸ್ಸನ್ನು ಬೇರೆ ಬೇರೆ ರೀತಿಯಲ್ಲಿ ಮಾರ್ಪಡಿಸಿ, ಅದು ಫೆರೆಟ್ಟಿನಿಂದ ಫೆರೆಟ್ಟಿಗೆ ಗಾಳಿಯಲ್ಲಿ ದಾಟುವಂತೆ ಮಾಡಿದವು. ಈ ರೋಗ ದೃಢಪಟ್ಟ ಮನುಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದ ಕಾಲ ಅದು. ಫೆರೆಟ್ಟುಗಳ ನಡುವೆ ಹರಡಿದ್ದು ನಾಳೆ ಮನುಷ್ಯರ ನಡುವೆಯೂ ಹರಡಿಯೇ ತೀರುವುದೆಂದು ಹಲವರು ಹೌಹಾರಿದರು. ಪ್ರಯೋಗದ ವಿವರಗಳನ್ನು ಮರೆಮಾಡಬೇಕೆಂದು ಅಮೆರಿಕದ ಸಲಹಾಮಂಡಲಿ ಕೇಳಿತು. ಸಂಶೋಧಕರೂ ತಾವಾಗಿಯೇ ಒಂದು ವರ್ಷ ಕೆಲಸ ನಿಲ್ಲಿಸಿದರು. ಕೊನೆಗೆ 2012ರಲ್ಲಿ ಎರಡೂ ಲೇಖನಗಳು ಪೂರ್ಣವಾಗಿ ಅಚ್ಚಾದವು. ಆ ಭಯವನ್ನು ನಾನು ಹಗುರಾಗಿ ಕಾಣುವವನಲ್ಲ. ಸೀನಿದ ಫೆರೆಟ್ಟಿನ ಮುಂದೆ ವೈದ್ಯರು ಮಲಗಿದ್ದು ನಿಜವಷ್ಟೆ. ಆದರೆ ಈ ಪ್ರಯೋಗಗಳಲ್ಲಿ ಗಾಳಿಯಿಂದ ರೋಗ ಹತ್ತಿದ ಫೆರೆಟ್ಟುಗಳಲ್ಲಿ ಒಂದೂ ಸಾಯಲಿಲ್ಲ. ಮನುಷ್ಯರಲ್ಲಿ ಏನಾದೀತೆಂಬುದನ್ನು ಮನುಷ್ಯರ ಮೇಲೆ ಪರೀಕ್ಷಿಸುವಂತಿಲ್ಲ. ಅದಕ್ಕಾಗಿಯೇ ಅಲ್ಲವೆ ಫೆರೆಟ್ಟನ್ನು ಕರೆತಂದದ್ದು?