ಹೆಸರಿಗೂ ಒಂದು ಎಲ್ಲೆಯುಂಟು

ಹೊಳಲೂರಿನ ಸದ್ಭಕ್ತ ಕುಟುಂಬವೊಂದರ ಹಿರಿಯರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಅವರ ಮನೆಯ ಚಟ್ನಿಪುಡಿಯು ಅವರ ತಾಯಿಯವರ ಹೆಸರಿನಲ್ಲಿ ಇಪ್ಪತ್ತು ವರ್ಷಗಳಿಂದ ಶಿವಮೊಗ್ಗ, ಭದ್ರಾವತಿಗಳ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಜರ್ಮನಿಯಲ್ಲಿರುವ ಮಗನು ಅದನ್ನು ಅಲ್ಲಿಯೂ ಮಾರಬೇಕೆಂದು ಹೊರಟಿದ್ದಾನೆ. "ಹೆಸರು ನಮ್ಮ ಅವ್ವನದು, ಅದನ್ನು ಬೇರೆಯವರು ಹೇಗೆ ತಮ್ಮದೆಂದಾರು, ಶಾಸ್ತ್ರಿಗಳೇ?" ಎಂಬುದು ಅವರ ಪ್ರಶ್ನೆ. ಅನ್ನಬಹುದು ಎಂದೇ ನಾವು ಹೇಳಬೇಕಾಯಿತು.

ಟ್ರೇಡ್ ಮಾರ್ಕ್ ಅಂದರೆ ವ್ಯಾಪಾರಮುದ್ರೆ. ಸರಕು ಯಾರದೆಂದು ಕೊಳ್ಳುವವನಿಗೆ ತಿಳಿಸುವ ಗುರುತು ಅದು. ಆದರೆ ಯಾವ ಹೆಸರೂ ಎಲ್ಲ ಸರಕಿಗೂ ಒಬ್ಬನದೇ ಸೊತ್ತಾಗದು. ನಮ್ಮ ಮನೆಮನೆಗೆ ಬರುವ ನಂದಿನಿ ಹಾಲನ್ನೇ ನೋಡಿರಿ. ಹಾಲು ಮಹಾಮಂಡಳವು ಆ ಹೆಸರನ್ನು 1985ರಿಂದ ಬಳಸುತ್ತಿದೆ. ಇಂಗ್ಲಿಷಿನಲ್ಲಿ ಒಂದು 'ಎಚ್' ಅಕ್ಷರವನ್ನು ಹೆಚ್ಚಾಗಿ ಬರೆದುಕೊಂಡು ಅದೇ ಹೆಸರಿನ ಹೋಟೆಲೊಂದು 1989ರಿಂದ ನಡೆದಿತ್ತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸರಕುಗಳು ಬೇರೆ, ಚಿತ್ರಗಳೂ ಬೇರೆ, ಜನರು ಮೋಸಹೋಗಲಾರರು ಎಂದು 2018ರ ಜುಲೈ 26ರಂದು ನ್ಯಾಯಾಲಯವು ಹೋಟೆಲಿನ ಪರವಾಗಿ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಅದರ ನೋಂದಣಿಯಿಂದ ಹೊರಗಿರಿಸಿತು.

ಸರಕಿಗಿರುವಂತೆ ನಾಡಿಗೂ ಎಲ್ಲೆಯುಂಟು. ನಮ್ಮ ದೇಶದಲ್ಲಿ ಮೊದಲು ಬಳಸಿದವನಿಗೆ, ನೋಂದಣಿ ಇಲ್ಲದಿದ್ದರೂ, ಕಾನೂನು ಸಾಕಷ್ಟು ಆಸರೆ ಕೊಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಬಹುಮಟ್ಟಿಗೆ ಮೊದಲು ಅರ್ಜಿ ಕೊಟ್ಟವನದೇ ಮೇಲುಗೈ. ಶಿವಮೊಗ್ಗದ ಇಪ್ಪತ್ತು ವರ್ಷಗಳ ಮಾರಾಟವು ಅಲ್ಲಿ ಲೆಕ್ಕಕ್ಕೆ ಬರುವುದು ದುರ್ಲಭ.

ಸ್ಪೇನಿನ ಅಲಿಕಾಂತೆಯಲ್ಲಿ ಒಕ್ಕೂಟದ ಕಚೇರಿಯಿದೆ. ಅಲ್ಲಿಯ ಒಂದೇ ನೋಂದಣಿ 27 ದೇಶಗಳಿಗೂ ಸಲ್ಲುತ್ತದೆ. ಅವಧಿ ಹತ್ತು ವರ್ಷ, ಮತ್ತೆ ನವೀಕರಿಸಬಹುದು. ಆದರೆ ಅದು ಅಖಂಡವಾದ ಹಕ್ಕು. ಒಂದೇ ದೇಶದಲ್ಲಿ ಹಳೆಯ ಮುದ್ರೆಯೊಂದರ ಒಡೆಯನು ಅಡ್ಡಬಂದು ಗೆದ್ದರೂ ಇಡೀ ಅರ್ಜಿ ಬೀಳಬಹುದು. ಕಚೇರಿಯು ತಾನಾಗಿ ಅಂಥ ಹಳೆಯ ಮುದ್ರೆಗಳ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವುದಿಲ್ಲ. ಪ್ರಕಟಣೆಯಾದ ಮೂರು ತಿಂಗಳೊಳಗೆ ಒಡೆಯನೇ ತಕರಾರು ಹೂಡಬೇಕು. ಆದುದರಿಂದ ಮೊದಲೇ ಹುಡುಕಿ ನೋಡಿಕೊಳ್ಳುವುದು ಜಾಣತನ. ಜರ್ಮನಿಯೊಂದೇ ಸಾಕೆನ್ನುವವರು ಆ ದೇಶದ ಕಚೇರಿಗೇ ಅರ್ಜಿ ಕೊಡಬಹುದು. ಬ್ರಿಟನ್ 2020ರ ಕೊನೆಗೆ ಈ ವ್ಯವಸ್ಥೆಯಿಂದ ಹೊರಬಂದಿದೆ. ಸ್ವಿಟ್ಜರ್‌ಲ್ಯಾಂಡ್ ಎಂದೂ ಒಳಗಿರಲಿಲ್ಲ. ಲಂಡನ್ನಿನಲ್ಲಿ ನೆಂಟರಿದ್ದಾರೆಂದು ಅಲ್ಲಿಗೂ ಡಬ್ಬಿ ಕಳುಹಿಸುವವರಿಗೆ ಇದು ನೆನಪಿರಲಿ. ನೋಂದಾಯಿಸಿದ ಹೆಸರನ್ನು ಐದು ವರ್ಷ ಬಳಸದೆ ಬಿಟ್ಟರೆ ಹಕ್ಕು ಹೋಗಬಹುದು. 'ಚಟ್ನಿಪುಡಿ' ಎಂಬಂತೆ ಸರಕನ್ನೇ ಹೇಳುವ ಮಾತು ಯಾರ ಮುದ್ರೆಯೂ ಆಗದು.

ಭಾರತವು 2013ರಲ್ಲಿ ಮ್ಯಾಡ್ರಿಡ್ ಒಪ್ಪಂದವನ್ನು ಸೇರಿದ ಮೇಲೆ ದಾರಿ ಸುಗಮವಾಗಿದೆ. ಇಲ್ಲಿಯ ಅರ್ಜಿಯನ್ನೇ ಆಧಾರವಾಗಿಟ್ಟುಕೊಂಡು, ಬೇಕಾದ ದೇಶಗಳನ್ನು ಹೆಸರಿಸಿ, ನಮ್ಮ ನೋಂದಣಿ ಕಚೇರಿಯ ಮೂಲಕವೇ ಕೇಳಬಹುದು. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಅಲ್ಲಿಯೂ ಕೇಳಿದರೆ ಮೊದಲಿನ ತಾರೀಖೇ ಸಲ್ಲುತ್ತದೆ.

ಆ ಹಿರಿಯರು ಮರುದಿನ ತಮ್ಮ ಡಬ್ಬಿಗಳ ಚೀಟಿಗಳನ್ನು ತಂದು ತೋರಿಸಿದರು. ತಾಯಿಯವರ ಹೆಸರು ಮೂರು ಚೀಟಿಗಳಲ್ಲಿ ಮೂರು ಬಗೆಯಾಗಿ ಅಚ್ಚಾಗಿತ್ತು. ಯಾವುದನ್ನು ನೋಂದಾಯಿಸುವುದೆಂದು ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ.