ಹೊಸ್ತಿಲಲ್ಲಿ ನಿಲ್ಲುವ ಹೆಜ್ಜೆ

ಅಂಗವೈಕಲ್ಯವೆಂದೊಡನೆ ನಮ್ಮ ಕಣ್ಣೆದುರು ಬರುವುದು ಊರುಗೋಲು, ಗಾಲಿಕುರ್ಚಿ, ಕಪ್ಪು ಕನ್ನಡಕ. ಬೆಳಿಗ್ಗೆ ಹತ್ತು ಗಂಟೆಗೆ ಸಲೀಸಾಗಿ ನಡೆದಾಡಿದವರು ಹನ್ನೆರಡಕ್ಕೆ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಕುಳಿತರೆ ಅದನ್ನು ನಾವು ವೈಕಲ್ಯವೆಂದು ಎಣಿಸುವುದಿಲ್ಲ, ಸೋಮಾರಿತನವೆನ್ನುತ್ತೇವೆ, ಹಟವೆನ್ನುತ್ತೇವೆ. ನಮ್ಮ ದೊಡ್ಡಪ್ಪನವರ ವಿಷಯದಲ್ಲಿ ಮನೆಯವರೆಲ್ಲರೂ ಎರಡು ವರ್ಷ ಇದೇ ತಪ್ಪನ್ನು ಮಾಡಿದೆವು.

ಮೊದಲು ಅವರ ಅಕ್ಷರಗಳು ಚಿಕ್ಕವಾದವು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಚೆಕ್ಕನ್ನು ಮರಳಿಸಿದರು. ಅನಂತರ ದನಿ ತಗ್ಗಿತು. ಮುಖದಲ್ಲಿ ನಗು ಮೂಡುವುದು ನಿಂತಿತು. ಮದುವೆಗೆ ಬಂದ ಬೀಗರು, 'ಯಜಮಾನರಿಗೆ ನಮ್ಮ ಮೇಲೆ ಮುನಿಸೇ?' ಎಂದು ಕೇಳಿದ್ದೂ ಉಂಟು. ಬಲಗೈ ನಡುಗತೊಡಗಿದ ಮೇಲೆಯೇ ನಾವು ನರರೋಗ ತಜ್ಞರಲ್ಲಿಗೆ ಹೋದದ್ದು. ಪಾರ್ಕಿನ್ಸನ್ ರೋಗವೆಂದು ಆಗ ತಿಳಿಯಿತು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿ ರೋಗಿಗಳನ್ನು ಕುರಿತು ಬರೆದ ಪ್ರಬಂಧದಿಂದ ಈ ರೋಗಕ್ಕೆ ಆತನ ಹೆಸರು ಬಂದಿದೆ. ಇಂತಹ ಲಕ್ಷಣಗಳನ್ನು ಆಯುರ್ವೇದದವರು ಕಂಪವಾತವೆನ್ನುತ್ತಾರೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ನಶಿಸುತ್ತವೆ. ನಡುಕ ಕಾಣುವ ವೇಳೆಗೆ ಸುಮಾರು ಅರ್ಧದಷ್ಟು ಹೋಗಿಯೇ ಇರುತ್ತವೆ. ಅವನ್ನು ಮರಳಿ ತರುವ ಔಷಧ ಇಂದಿಗೂ ಇಲ್ಲ. ಲೆವೊಡೋಪ ಎಂಬ ಮಾತ್ರೆಯು ಕೊರತೆಯನ್ನು ಕೆಲವು ಗಂಟೆಗಳ ಮಟ್ಟಿಗೆ ತುಂಬಿಕೊಡುತ್ತದೆ. (ನಮ್ಮ ಬೇಲಿಗಳ ನಸುಗುನ್ನಿಯ ಬೀಜದಲ್ಲಿಯೂ ಇದೇ ದ್ರವ್ಯವಿದೆ. ಹಾಗೆಂದು ಬೀಜವನ್ನು ಪುಡಿಮಾಡಿ ಕೊಡಹೊರಡುವುದು ಅಪಾಯಕರ. ಅದರಲ್ಲಿ ಎಷ್ಟಿದೆಯೆಂದು ಮನೆಯಲ್ಲಿ ಅಳೆಯಲಾಗದು.)

ಮಾತ್ರೆಯ ಕಸುವು ಇಳಿದಾಗ ದೇಹ ಬಿಗಿಯುತ್ತದೆ, ಏರಿದಾಗ ಸಡಿಲವಾಗುತ್ತದೆ. ಹತ್ತು ಗಂಟೆಯ ದೊಡ್ಡಪ್ಪನವರೂ ಹನ್ನೆರಡು ಗಂಟೆಯ ದೊಡ್ಡಪ್ಪನವರೂ ಬೇರೆಯಾಗುತ್ತಿದ್ದುದು ಇದರಿಂದಲೇ. ಆದ್ದರಿಂದ ಮಾತ್ರೆಯ ವೇಳೆ ತಪ್ಪಬಾರದು. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು. ಹಾಲು, ಬೇಳೆಗಳಂತಹ ಸಸಾರಜನಕವುಳ್ಳ ಆಹಾರದೊಡನೆ ನುಂಗಿದರೆ ಹಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ನಾವಾದರೋ ಬಹು ಅಕ್ಕರೆಯಿಂದ ಲೋಟದ ತುಂಬ ಹಾಲಿನೊಡನೆಯೇ ಕೊಡುತ್ತಿದ್ದೆವು! ಈಗ ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನೊಡನೆ ಕೊಡುತ್ತೇವೆ.

1995ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. 2016ರ ಕಾಯಿದೆಯಲ್ಲಿ ಅವು 21 ಆದವು. ಪಾರ್ಕಿನ್ಸನ್ ರೋಗವೂ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವೂ ಅವುಗಳಲ್ಲಿ ಸೇರಿವೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿದೆಯೆಂದು ವೈದ್ಯಾಧಿಕಾರಿಗಳು ಪ್ರಮಾಣೀಕರಿಸಿದರೆ ಹಲವು ಸವಲತ್ತುಗಳಿಗೆ ಅರ್ಹತೆ ದೊರೆಯುತ್ತದೆ. ಅರ್ಜಿ ತಂದಾಗ ದೊಡ್ಡಪ್ಪನವರು, 'ನಾನು ಅಂಗವಿಕಲನೇನಪ್ಪಾ?' ಎಂದು ಅದನ್ನು ಪಕ್ಕಕ್ಕೆ ಸರಿಸಿದರು. ಆರು ತಿಂಗಳು ನಾವು ಒತ್ತಾಯಿಸಲಿಲ್ಲ. ಒಂದು ದಿನ ಅವರೇ ಕೇಳಿ ಪಡೆದು, ಇಡೀ ಅರ್ಧ ಗಂಟೆ ಹಿಡಿದು, ತಮ್ಮ ಕೈಯಿಂದಲೇ ತುಂಬಿದರು.

ಹೊಸ್ತಿಲ ಬಳಿ ಅವರ ಪಾದಗಳು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತವೆ. ತೋಳು ಹಿಡಿದೆಳೆದರೆ ಬೀಳುವ ಭಯ. ಆದರೆ ನೆಲದ ಮೇಲೆ ಅಡ್ಡಗೆರೆಯೊಂದಿದ್ದರೆ ಅದನ್ನು ದಾಟಬಲ್ಲರು. ಕಣ್ಣಿಗೆ ಕಂಡ ಗುರುತು ನಿಂತ ಹೆಜ್ಜೆಯನ್ನು ಎಬ್ಬಿಸುವುದುಂಟೆಂದು ವೈದ್ಯರು ತಿಳಿಸಿದರು. ಅತ್ತಿಗೆಯವರು ಪ್ರತಿ ಬಾಗಿಲಿಗೂ ಬಿಳಿಯ ಪಟ್ಟಿ ಅಂಟಿಸಿದ್ದಾರೆ. ಮೊಮ್ಮಗಳು ಪಕ್ಕದಲ್ಲಿ ನಿಂತು 'ಒಂದು, ಎರಡು' ಎಂದು ಎಣಿಸುತ್ತಾಳೆ. ಅವರು ದಾಟಿ ಬರುವವರೆಗೂ ಯಾರೂ ಕೈಹಿಡಿದು ಎಳೆಯುವುದಿಲ್ಲ.